ಮೇಜಿನ ಮೇಲೆ ಎರಡು ಬಡಿತ

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 1.40

ಊಟವಾಯಿತು. ಡಬ್ಬಿ ತೊಳೆದಿಟ್ಟೆ. ಬೆಳಿಗ್ಗೆಯಿಂದ ಹೊಸ ಬೈಂಡಿಗೆ ಹನ್ನೊಂದು ಪುಸ್ತಕ ಬಿಚ್ಚಿದ್ದಾಯಿತು. ಎಲ್ಲ ಹಳೆಯ ಕಾನೂನು ವರದಿಗಳು. ಯಾರೋ ಪುಣ್ಯಾತ್ಮ ಬೆನ್ನಿಗೆಲ್ಲ ಸೆಲ್ಲೋಟೇಪ್ ಬಡಿದಿದ್ದಾನೆ. ಕಿತ್ತು ಕಿತ್ತು ಉಗುರೂ ಹೋಯಿತು, ತಾಳ್ಮೆಯೂ ಹೋಯಿತು. ಕೈಗೆ ಸಿಕ್ಕರೆ ಅದೇ ಟೇಪನ್ನು ಅವನ ಹತ್ತು ಬೆರಳಿಗೂ ಸುತ್ತುತ್ತೇನೆ.

ಅಂಟು ಹಚ್ಚುವುದಕ್ಕೆ ಹೊಸಬಳು ಸೇರಿದಳು. ಲೈಬ್ರರಿಯ ಬೈಂಡಿಂಗ್ ಕೋಣೆ ಎಂದರೆ ತಂಪಾಗಿ ಕೂತು ಪುಸ್ತಕ ಓದುವ ಜಾಗ ಅಂದುಕೊಂಡಿದ್ದಳಂತೆ! ಕತ್ತರಿಸುವ ಮಷಿನ್ ಒಮ್ಮೆ ಧಡ್ ಎಂದಾಗ ಹೌಹಾರಿದಳು. ಕೆಲಸವೆಲ್ಲ ತೋರಿಸಿ ಆಯಿತು. ಇನ್ನು ಇಲ್ಲೇ ಕೆಲಸ ಮಾಡುವ ನನ್ನ ನಾದಿನಿಯ ವಿಷಯ ಹೇಳಬೇಕು. ಹೇಗೆ ಶುರು ಮಾಡಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಎದ್ದು ಬಂದಳು.

"ನಾನು ಇವರ ನಾದಿನಿ. ನನ್ನ ಇಪ್ಪತ್ತೆರಡನೇ ಕ್ರೋಮೋಸೋಮಲ್ಲಿ ಒಂದು ಫಾರಂ ಮಿಸ್ಸಿಂಗು. ಹುಟ್ಟುವಾಗಲೇ. ಅದಕ್ಕೇ ಹಾರ್ಟ್ ಆಪರೇಷನ್ ಆಯ್ತು, ಅಂಗುಳ ಹೊಲಿದ್ರು, ಮೂಗಲ್ಲಿ ಮಾತಾಡ್ತೀನಿ. ಇಪ್ಪತ್ತೈದನೇ ವರ್ಷಕ್ಕೆ ತಲೇಲಿ ಧ್ವನಿಗಳೂ ಬಂದ್ವು. ಒಬ್ಬ ಇಡೀ ದಿನ ವಾರ್ತೆ ಓದ್ತಾನೆ. 'ಈಗ ಅವರು ಹೊಸಬರ ಜೊತೆ ಮಾತನಾಡುತ್ತಿದ್ದಾರೆ' ಅಂತ ಈಗ್ಲೂ ಓದ್ತಾ ಇದಾನೆ."

ಹೊಸಬಳು ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರ್ಕೋಬೇಡಿ. ನನ್ನನ್ನ ಕರೀಬೇಕಾದ್ರೆ ಮೊದಲು ನನ್ನ ಮೇಜಿಗೆ ಎರಡು ಸಲ ಬಡೀರಿ. ಬಡಿದ್ರೆ ನೀವು. ಬಡೀದೇ ಇದ್ರೆ ಅವನು. ಅಷ್ಟೇ."

ಇದು ನಮ್ಮ ಕೋಣೆಯ ಹಳೆಯ ಅಭ್ಯಾಸ. ಶುರು ಮಾಡಿದ್ದು ಕಟಿಂಗ್ ಮಾಮ. ಅವರ ಮಷಿನ್ ಸದ್ದಿನಲ್ಲಿ ಯಾರು ಕೂಗಿದರೂ ಕೇಳುವುದಿಲ್ಲ, ಮೇಜು ಬಡಿದೇ ಕರೆಯುತ್ತಿದ್ದರು. ಮೂರು ವರ್ಷದ ಹಿಂದೆ ನಾದಿನಿ ಬಂದಾಗ ಅದನ್ನು ತನ್ನ ಉಪಯೋಗಕ್ಕೆ ತಿರುಗಿಸಿಕೊಂಡಳು. ಅವಳ ಮೇಜು ಗೋಡೆಗೇ ಬೋಲ್ಟ್ ಹಾಕಿದ ಉದ್ದನೆಯ ಹಲಗೆ. ಯಾವ ತುದಿಗೆ ಬಡಿದರೂ ಅಂಗೈಗೆ ತಿಳಿಯುತ್ತದೆ. ಯಾವ ಡಾಕ್ಟರಿಗೂ ಹೊಳೆಯದ ಉಪಾಯ.

ಮತ್ತೆ ಅವಳ ಕೆಲಸ! ಹದಿನಾರು ಪುಟದ ಒಂದು ಮಡಿಕೆಗೆ ನಮ್ಮಲ್ಲಿ ಫಾರಂ ಎನ್ನುತ್ತಾರೆ. ಬಿಚ್ಚಿದ ಫಾರಂಗಳನ್ನು ಕ್ರಮಕ್ಕೆ ಜೋಡಿಸಬೇಕು. ಒಂದೊಂದರ ಬೆನ್ನಿಗೂ ಒಂದು ಕಪ್ಪು ಗುರುತು. ಎಲ್ಲ ಸರಿಯಿದ್ದರೆ ಗುರುತುಗಳು ಮೆಟ್ಟಿಲು ಇಳಿದ ಹಾಗೆ ಕಾಣುತ್ತವೆ. ನಾವು ಕನ್ನಡಕ ಏರಿಸಿ ಹುಡುಕುತ್ತೇವೆ. ಅವಳು ದೂರದಿಂದಲೇ "ಅತ್ತಿಗೆ, ಏಳನೇದು ಇಲ್ಲ" ಎನ್ನುತ್ತಾಳೆ. ಮೂರು ವರ್ಷದಲ್ಲಿ ಒಂದು ತಪ್ಪಿಲ್ಲ. ನನ್ನ ತಪ್ಪುಗಳ ಲೆಕ್ಕ ಇಲ್ಲಿ ಬೇಡ.

ಮಾರ್ಚ್ 11, ಮಂಗಳವಾರ. ಸಂಜೆ

ಗೆದ್ದೆ!!

ಪುಸ್ತಕ ವಾಪಸ್ ಕೊಡುವ ಕೌಂಟರ್ ಕೊನೆಗೂ ನಮ್ಮ ಬಾಗಿಲ ಮುಂದಿನಿಂದ ತೊಲಗಿತು. ಆರು ತಿಂಗಳು, ಮೂರು ಅರ್ಜಿ, ಲೈಬ್ರರಿ ಮುಖ್ಯಸ್ಥರ ರೂಮಿಗೆ ಎಷ್ಟು ಸಲ ಎಡತಾಕಿದೆನೋ. ಈಗ ಅದು ಹಿಂದಿನ ಹಾಲಿನಲ್ಲಿ, ನಮ್ಮ ಗೋಡೆಯ ಆಚೆ. ಕ್ಯೂ ಇಲ್ಲ, ಜಗಳ ಇಲ್ಲ, "ಸ್ವಲ್ಪ ಗಮ್ ಇದ್ಯಾ ಮೇಡಂ" ಎಂದು ಒಳಗೆ ತಲೆ ಹಾಕುವವರಿಲ್ಲ. ಗದ್ದಲ ಕಡಿಮೆಯಾದರೆ ನಾದಿನಿಗೂ ಹಾಯಿ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 20, ಗುರುವಾರ

ಏನೋ ಸರಿಯಿಲ್ಲ.

ಮಧ್ಯಾಹ್ನ ನಾದಿನಿ ಕೈಲಿದ್ದ ಫಾರಂ ಕೆಳಗಿಟ್ಟು ಹೊಲಿಗೆ ಅಕ್ಕನ ಮುಂದೆ ಹೋಗಿ ನಿಂತಳು.

"ಅಕ್ಕ, ನನ್ನನ್ನ ದಂಡಪಿಂಡ ಅಂತ ಯಾಕಂದ್ರಿ?"

ಹೊಲಿಗೆ ಅಕ್ಕ ಪುಸ್ತಕ ಹೊಲಿಯುವವರು. ಬಾಯಲ್ಲಿ ಯಾವಾಗಲೂ ದಾರದ ತುದಿ. ಆ ದಾರವೂ ಬಿದ್ದುಹೋಯಿತು. "ಅಯ್ಯೋ, ನಾನ್ಯಾಕಮ್ಮ ಅನ್ಲಿ? ನನ್ನ ಮಕ್ಕಳಾಣೆ!"

"ಬಡಿದು ಅಂದ್ರಿ. ಎರಡು ಸಲ ಬಡಿದ್ರಿ. ಈ ವಾರ ನಾಲ್ಕನೇ ಸಲ ಇದು. ಯಾರಂತ ತಿರುಗಿ ನೋಡಿದ್ರೆ ಎಲ್ಲರೂ ತಲೆ ತಗ್ಗಿಸಿಕೊಂಡು ಕೆಲಸ ಮಾಡ್ತಿರ್ತೀರಿ."

ಯಾರೂ ಬಡಿದಿರಲಿಲ್ಲ. ನಾನು ಕಿಟಕಿಯ ಹತ್ತಿರದ ನನ್ನ ಮೇಜಿನಿಂದ ನೋಡುತ್ತಲೇ ಇದ್ದೆ. ಅಕ್ಕ ಅತ್ತರು. ನಾದಿನಿ ಅಳಲಿಲ್ಲ. ವಾಪಸ್ ಹೋಗಿ ಮಿಕ್ಕ ಫಾರಂ ಜೋಡಿಸಿ ಮುಗಿಸಿದಳು. ಎಲ್ಲರೂ ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ನಂಬಿಕೊಂಡು, ಅವರ ನಡುವೆಯೇ ಕೂತು, ಐದೂವರೆವರೆಗೆ! ನನ್ನ ಕೈಲಾಗುತ್ತಿರಲಿಲ್ಲ. ಅಂಟಿನ ಡಬ್ಬಿ ಯಾರ ತಲೆಯ ಮೇಲಾದರೂ ಸುರಿದು ಬಂದಿರುತ್ತಿದ್ದೆ.

ಮಾರ್ಚ್ 25, ಮಂಗಳವಾರ

ಬರೆಯಬೇಕು, ಬರೆಯದಿದ್ದರೆ ಒಳಗೇ ಕುದಿಯುತ್ತದೆ.

ಹನ್ನೊಂದು ಗಂಟೆಗೆ ನಾದಿನಿ ಎದ್ದು ಓಡಿದಳು. ಚಪ್ಪಲಿ ಮೇಜಿನ ಕೆಳಗೇ. ನಾನು ಹಿಂದೆ ಓಡಿದೆ. ಮೆಟ್ಟಿಲು, ಗೇಟು, ನೇರ ರಸ್ತೆಗೆ… ಲಾರಿ ಬ್ರೇಕ್ ಹಾಕಿದ ಸದ್ದು. ಒಂದು ಮೊಳ. ಒಂದೇ ಮೊಳ ಇತ್ತು ಮಧ್ಯೆ. ಡ್ರೈವರ್ ಬಾಯಿಗೆ ಬಂದಂತೆ ಬೈದ. ಬೈಯಲಿ ಪಾಪ, ಅವನ ಮುಖದಲ್ಲೂ ರಕ್ತ ಇರಲಿಲ್ಲ.

"ಅಣ್ಣ ರಸ್ತೆಯಲ್ಲಿ ಬಿದ್ದಿದಾನೆ ಅಂದ್ರು, ಅತ್ತಿಗೆ. ಬಡಿದು ಹೇಳಿದ್ರು. ಬಡಿದಿದ್ರಿಂದ ಓಡಿದೆ."

ಅಣ್ಣ, ಅಂದರೆ ನಮ್ಮ ಯಜಮಾನರು, ಆಫೀಸಿನಲ್ಲಿ ಆರಾಮವಾಗಿ ಚಹಾ ಕುಡಿಯುತ್ತಿದ್ದರು.

ಏಪ್ರಿಲ್ 2, ಬುಧವಾರ

ಒಂದು ವಾರ ಈ ಪುಸ್ತಕ ಮುಟ್ಟಲಿಲ್ಲ.

ನಾದಿನಿ ಮನೆಯಲ್ಲಿದ್ದಾಳೆ. ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು. ಈ ಕ್ರೋಮೋಸೋಮಿನ ತೊಂದರೆ ಇರುವವರಲ್ಲಿ ಕೆಲವರಿಗೆ ಮನಸ್ಸಿನ ಕಾಯಿಲೆಯೂ ಬರುತ್ತದೆ, ಕಾಲಕಾಲಕ್ಕೆ ಏರುತ್ತದೆ ಎಂದರು. ಒಪ್ಪಿದೆವು. ನಾನೂ ಒಪ್ಪಿದೆ. ಏರಿತು, ಇನ್ನೇನು, ಎಂದುಕೊಂಡೆ. ಹೆಚ್ಚಿದ ಮಾತ್ರೆಗೆ ಈಗ ಅವಳ ಕೈ ನಡುಗುತ್ತದೆ. ನೀರಿನ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತದೆ.

ಮುಖ್ಯಸ್ಥರ ಪತ್ರ ಬಂತು. ಇಪ್ಪತ್ತೆರಡನೇ ತಾರೀಖು ಮೂವರು ಕೂತು ತೀರ್ಮಾನಿಸುತ್ತಾರಂತೆ, ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ. ನಮ್ಮ ಯಜಮಾನರಂತೂ ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ.

"ಸಾಕು. ಪುಟ್ಟಿ ಇನ್ನು ಮನೇಲೇ ಇರ್ಲಿ. ನಾನಿಲ್ವಾ ನೋಡ್ಕೊಳ್ಳೋಕೆ?"

ಮೂವತ್ತನಾಲ್ಕು ವರ್ಷದ ಪುಟ್ಟಿ ಎದುರಿಗೇ ಕೂತಿದ್ದಳು. "ಅಣ್ಣ, ನಾನಿಲ್ಲೇ ಇದೀನಿ. ನನ್ನನ್ನೂ ಒಂದು ಮಾತು ಕೇಳು."

"ಕೇಳೋದೇನಿದೆ? ಲಾರಿ ಕೆಳಗೆ ಹೋಗ್ತಿದ್ದೆ."

"ಆ ಮೇಜು ಬಿಟ್ರೆ ನಾನು ಬರೀ ಕಾಯಿಲೆ ಅಣ್ಣ. ಅಲ್ಲಿ ಕೂತಾಗ ಕೆಲಸದವಳು."

ಇವರು ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು. ಪೇಪರಿನ ಹಿಂದೆ ಅಳುತ್ತಿದ್ದರು. ಮೂರು ತಿಂಗಳ ಕೂಸಾಗಿದ್ದಾಗ ಆಪರೇಷನ್ ಕೋಣೆಯ ಬಾಗಿಲಲ್ಲಿ ಅವಳಿಗಾಗಿ ಕಾದ ಹನ್ನೊಂದು ವರ್ಷದ ಹುಡುಗ ಇವರು. ಬೈಯಲೂ ಮನಸ್ಸು ಬರುವುದಿಲ್ಲ.

ಏಪ್ರಿಲ್ 8, ಮಂಗಳವಾರ. ಸಂಜೆ 6

ನಾದಿನಿ ಊಟದ ಮೇಜಿನ ಮೇಲೆ ಚೀಟಿ ಹರವಿಕೊಂಡು ಕೂತಿದ್ದಳು. ಧ್ವನಿ ಬಂದಾಗಲೆಲ್ಲ ಒಂದು ಚೀಟಿಯಲ್ಲಿ ತಾರೀಖು, ಗಂಟೆ, ಏನಂದಿತು ಎಂದು ಬರೆದಿಡಲು ಡಾಕ್ಟರಮ್ಮ ಎಂದೋ ಹೇಳಿದ್ದರು. ನಾವಾಗಿದ್ದರೆ ಎರಡು ದಿನ ಬರೆದು ಬಿಡುತ್ತಿದ್ದೆವು. ಅವಳು ಒಂಬತ್ತು ವರ್ಷದಿಂದ ಬಿಟ್ಟಿಲ್ಲ. ಈಗ ಮಾರ್ಚ್ ತಿಂಗಳ ಚೀಟಿಗಳನ್ನು ಫಾರಂ ಜೋಡಿಸುವ ಹಾಗೆ ಸಾಲಾಗಿ ಇಟ್ಟಿದ್ದಾಳೆ. ಬಡಿತದ ಜೊತೆ ಬಂದದ್ದಕ್ಕೆ ಅಂಚಿನಲ್ಲಿ ಕಪ್ಪು ಗುರುತು. ನಡುಗುವ ಕೈಯಲ್ಲಿ ಗುರುತೆಲ್ಲ ಸೊಟ್ಟ, ಸಾಲು ಮಾತ್ರ ನೆಟ್ಟಗೆ.

"ನೋಡಿ ಅತ್ತಿಗೆ. ಸೋಮವಾರ ಒಂದೂ ಕಪ್ಪಿಲ್ಲ. ವಾರ್ತೆಯವನು ಸೋಮವಾರಾನೂ ಓದ್ತಾನೆ, ಆದ್ರೆ ಬಡಿಯಲ್ಲ. ಬಡಿಯೋನಿಗೆ ವಾರದ ರಜೆ ಇದೆ."

ನಕ್ಕೆ. ಅವಳು ನಗಲಿಲ್ಲ.

"ಬೆಳಿಗ್ಗೆ ಹತ್ತಕ್ಕೆ ಮುಂಚೆ ಇಲ್ಲ. ಸಂಜೆ ಐದರ ಮೇಲೆ ಇಲ್ಲ. ಮನೆಗೆ ಬಂದ ಮೇಲೆ ಒಂದೂ ಇಲ್ಲ. ಮಾತ್ರೆಯಿಂದ ವಾಸಿಯಾಯ್ತು ಅಂತಾನೆ ಅಣ್ಣ. ಅಲ್ಲ. ಧ್ವನಿಗಳು ಹಾಗೇ ಇವೆ, ಬಡಿತ ಮಾತ್ರ ನಿಂತಿದೆ. ಬಡಿತ ನನ್ನ ತಲೇಲಿಲ್ಲ ಅತ್ತಿಗೆ. ಅದು ಆ ಕೋಣೇಲಿದೆ."

ಸೋಮವಾರ ಓದುಗರಿಗೆ ಲೈಬ್ರರಿ ಇಲ್ಲ, ನಮಗೆ ಮಾತ್ರ ಕೆಲಸ.

"ಮೊದಲನೇ ಕಪ್ಪು ಹನ್ನೆರಡನೇ ತಾರೀಖಿಂದು. ಹನ್ನೊಂದನೇ ತಾರೀಖು ಏನಾದ್ರೂ ಬದಲಾಯ್ತಾ? ನಂಗೆ ನೆನಪಾಗ್ತಿಲ್ಲ."

ಗೊತ್ತಿಲ್ಲ ಎಂದುಬಿಟ್ಟೆ.

ಒಳಗೆ ಬಂದು ಈ ಪುಸ್ತಕ ತಿರುವಿದೆ. ಮಾರ್ಚ್ 11. ನನ್ನದೇ ಕೈಬರಹ. 'ಗೆದ್ದೆ', ಅದಕ್ಕೆ ಎರಡು ಆಶ್ಚರ್ಯಸೂಚಕ ಬೇರೆ.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 10.30

ಕೋಣೆಯಲ್ಲಿದ್ದೇನೆ. ಕಟಿಂಗ್ ಮಾಮನಿಗೆ ಹತ್ತು ನಿಮಿಷ ಮಷಿನ್ ನಿಲ್ಲಿಸಲು ಹೇಳಿ, ಅವಳ ಜಾಗದಲ್ಲಿ ಕೂತು, ಎರಡೂ ಅಂಗೈ ಹಲಗೆಯ ಮೇಲಿಟ್ಟೆ.

ಟಕ್, ಟಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಟಕ್, ಟಕ್. ಕಿವಿಗಲ್ಲ, ಅಂಗೈಗೆ. ಗೋಡೆಯಾಚೆ ಕೌಂಟರಿನ ಹೆಣ್ಣುಮಗಳು ತಾರೀಖಿನ ಸೀಲು ಒತ್ತುತ್ತಿದ್ದಾಳೆ. ಮಸಿ ಪ್ಯಾಡಿಗೆ ಒಂದು, ಪುಸ್ತಕದ ಚೀಟಿಗೆ ಒಂದು. ಅವಳ ಕೌಂಟರಿನ ಹಲಗೆಯೂ ಅದೇ ಗೋಡೆಗೆ ಬೋಲ್ಟ್ ಆಗಿದೆ. ದಿನಕ್ಕೆ ಮುನ್ನೂರು ಪುಸ್ತಕ. ಅಂದರೆ ದಿನಕ್ಕೆ ಮುನ್ನೂರು ಸಲ ನಾದಿನಿಯ ಅಂಗೈಗೆ 'ಇದು ನಿಜ' ಎಂದು ಬಂದಿದೆ. ಅದೇ ಹೊತ್ತಿಗೆ ವಾರ್ತೆಯವನು ಬಾಯಿಬಿಟ್ಟಾಗಲೆಲ್ಲ ಅವನ ಸುಳ್ಳಿಗೆ ಸೀಲು ಬಿದ್ದಿದೆ.

ಹಾಕಿಸಿಕೊಟ್ಟವಳು ನಾನು.

ಹೊಲಿಗೆ ಅಕ್ಕನನ್ನೂ ಕರೆದು ಕೈ ಇಡಿಸಿದೆ. ಅವರು ಹಲಗೆಯನ್ನು, ನನ್ನನ್ನು, ಗೋಡೆಯನ್ನು ನೋಡಿದರು. "ಪಾಪ, ಇದನ್ನ ಇಟ್ಕೊಂಡು ಎರಡು ವಾರ ಕೆಲಸ ಮಾಡಿದ್ಲಲ್ಲ ಆ ಮಗು" ಎಂದರು. ಎದೆಗೆ ನಾಟಿತು.

ಅದೇ ದಿನ, ಸಂಜೆ

ಹೇಳಿದೆ. ಎಲ್ಲ ಹೇಳಿದೆ. ಕೌಂಟರ್, ಮೂರು ಅರ್ಜಿ, ನಿನ್ನೆಯ 'ಗೊತ್ತಿಲ್ಲ'ವನ್ನೂ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಂತು ನೋಡಿ.

"ಕೌಂಟರ್ ವಿಷಯ ಬಿಡಿ. ಅದು ಯಾರಿಗೂ ಹೊಳೀತಿರ್ಲಿಲ್ಲ. ನಿನ್ನೆ ಗೊತ್ತಿಲ್ಲ ಅಂದ್ರಲ್ಲ, ಅದು ಬೇಡವಾಗಿತ್ತು. ಯಾವುದು ನಿಜ ಅಂತ ಕೇಳೋಕೆ ನನಗಿರೋದೇ ನೀವು ನಾಲ್ಕು ಜನ. ನೀವೂ ಸುಳ್ಳು ಹೇಳಿದ್ರೆ ನಿಮಗೂ ವಾರ್ತೆಯವನಿಗೂ ಏನು ವ್ಯತ್ಯಾಸ?"

ಇಪ್ಪತ್ತು ವರ್ಷ ಆ ಕೋಣೆಯಲ್ಲಿ ಎಲ್ಲರಿಗೂ ಜೋರು ಮಾಡಿದವಳು ನಾನು. ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎಂದೆ. "ಸರಿ" ಎಂದಳು. ಎದ್ದು ಹೋಗಿ ನನಗೂ ಒಂದು ಲೋಟ ಚಹಾ ತಂದಳು, ಅರ್ಧ ತಟ್ಟೆಗೆ ಚೆಲ್ಲಿಕೊಂಡು. ಇಷ್ಟು ನೇರವಾದ ಜೀವ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಚೂರು ಕಾಣೆಯಾಗಿರುವುದು ಅವಳಲ್ಲೋ ನಮ್ಮಲ್ಲೋ.

ಏಪ್ರಿಲ್ 17, ಗುರುವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು, ಮೂವರೂ. ನಾದಿನಿ ಚೀಟಿಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಎರಡು ಸಲ ಓದಿದರು.

"ನಿದ್ದೆ ಕೇಳಿದೆ, ಊಟ ಕೇಳಿದೆ, ರಕ್ತದಲ್ಲಿ ಕ್ಯಾಲ್ಶಿಯಂ ಎಷ್ಟಿದೆ ನೋಡಿದೆ. ನಿಮ್ಮ ಮೇಜು ಹೇಗಿದೆ ಅಂತ ಕೇಳ್ಲೇ ಇಲ್ಲ ನಾನು" ಎಂದರು. ದೊಡ್ಡವರು ಹೀಗೆ ಒಪ್ಪಿಕೊಳ್ಳುವುದನ್ನು ನೋಡಿ ಅಭ್ಯಾಸವಿಲ್ಲ. ಮಾತ್ರೆ ನಿಧಾನವಾಗಿ ಹಳೆಯ ಮಟ್ಟಕ್ಕೆ ಇಳಿಸುತ್ತಾರೆ. ನಾವಾಗಿ ಒಂದು ಗುಳಿಗೆಯನ್ನೂ ಬಿಡಬಾರದು. ಧ್ವನಿಗಳು ಹೋಗುತ್ತವೆ ಎಂದು ಮಾತು ಕೊಡಲಿಲ್ಲ. ನಾದಿನಿ ಕೇಳಲೂ ಇಲ್ಲ.

ವಾಪಸ್ ಬರುವಾಗ ಇವರು: "ನಾಳೇನೇ ಕೌಂಟರ್ ಹಳೇ ಜಾಗಕ್ಕೆ ಹಾಕ್ಸು. ಎಲ್ಲ ಮೊದಲಿನ ಹಾಗೇ ಆಗತ್ತೆ." ಅಂದರೆ ಕೆಲಸ ಬಿಡಿಸುವ ಮಾತು ಸ್ವಲ್ಪ ಸಡಿಲವಾಗಿದೆ!

"ಬೇಡ" ಎಂದಳು ನಾದಿನಿ. ಯಾಕೆ ಎಂದು ಹೇಳಲಿಲ್ಲ.

ಏಪ್ರಿಲ್ 22, ಮಂಗಳವಾರ. ಸಂಜೆ 7

ಹೇಗೆ ಬರೆಯಲಿ ಇದನ್ನು.

ಮುಖ್ಯಸ್ಥರ ರೂಮು. ಆಚೆ ಮೂವರು: ಮುಖ್ಯಸ್ಥರು, ಆಫೀಸ್ ಮ್ಯಾನೇಜರ್, ಸಿಬ್ಬಂದಿ ವಿಭಾಗದ ಮೇಡಂ. ಈಚೆ ನಾವಿಬ್ಬರು. ಅವಳ ಪರವಾಗಿ ನಾನೇ ಮಾತಾಡುವುದೆಂದು ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ನಾದಿನಿ ಕೈ ಚಾಚಿದಳು. ಹಾಳೆ ಅವಳ ಚೀಲ ಸೇರಿತು. ನನ್ನ ಬಾಯಿಗೆ ಬೀಗ.

ಮೂಗಿನ ಧ್ವನಿಯಲ್ಲಿ, ನಿಧಾನವಾಗಿ, ಅರ್ಥವಾಗದ ಕಡೆ ಎರಡನೇ ಸಲ ಹೇಳುತ್ತಾ, ಸೀಲಿನ ವಿಷಯವೆಲ್ಲ ಬಿಡಿಸಿ ಹೇಳಿದಳು. ಮುಖ್ಯಸ್ಥರ ಮುಖ ಚಿಕ್ಕದಾಯಿತು. ಕೌಂಟರಿಗೆ ಸಹಿ ಹಾಕಿದವರು ಅವರೇ ತಾನೆ.

"ಕೌಂಟರ್ ಹಿಂದಕ್ಕೆ ಹಾಕಿಸೋಣಮ್ಮ. ಬಡಿಯೋ ನಿಯಮ ಹಾಗೇ ಇರ್ಲಿ" ಎಂದರು.

"ಬೇಡ ಸರ್. ನಾಳೆ ಇನ್ನೊಂದು ಗೋಡೆ ಹಿಂದೆ ಇನ್ನೇನೋ ಬರತ್ತೆ. ನಾನು ಮೇಜನ್ನ ನಂಬಿದ್ದೇ ತಪ್ಪು. ಇನ್ಮೇಲೆ ಜನರನ್ನೇ ಕೇಳ್ತೀನಿ. ಅನುಮಾನ ಬಂದಾಗೆಲ್ಲ ಬಾಯಿಬಿಟ್ಟು, 'ಈಗ ನೀವು ಮಾತಾಡಿದ್ರಾ' ಅಂತ. ಕೋಣೆ ಬಿಟ್ಟು ಹೊರಗೆ ಹೋಗೋ ಮುಂಚೆ ಒಬ್ಬರನ್ನಾದ್ರೂ ಕೇಳೇ ಹೋಗ್ತೀನಿ. ಕೇಳದೆ ಒಂದು ಸಲ ಹೋದ್ರೂ ನೀವು ಕೆಲಸದಿಂದ ತೆಗೀರಿ."

ಈ ಷರತ್ತು ಹಾಕಿದ್ದು ಅವಳು. ತನಗೆ ತಾನೇ.

ಮೇಡಂ ಕೇಳಿದರು: "ಎಲ್ಲರ ಮುಂದೆ ಹಾಗೆ ಕೇಳೋಕೆ ಸಂಕೋಚ ಆಗಲ್ವಾ?"

"ಆಗತ್ತೆ ಮೇಡಂ. ತುಂಬ ಆಗತ್ತೆ."

ಅಷ್ಟಕ್ಕೇ ನಿಂತಳು. ಕತ್ತು ಒಂದು ಕಡೆಗೆ ವಾಲಿತು. ಆ ವಾಲಿಕೆ ನನಗೆ ಗೊತ್ತು, ಧ್ವನಿ ಬಂದಿದೆ. ಈಗ ಬೇಡ, ಇಲ್ಲಿ ಬೇಡ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಮುಖ್ಯಸ್ಥರ ಕಡೆ ತಿರುಗಿ, ಕಣ್ಣಿಗೆ ಕಣ್ಣಿಟ್ಟು ಕೇಳಿದಳು.

"ಸರ್, 'ಇವಳನ್ನ ಮನೆಗೆ ಕಳಿಸಿ' ಅಂತ ಈಗ ನೀವು ಅಂದ್ರಾ?"

ಮ್ಯಾನೇಜರ್ ಪೆನ್ನಿನ ಮುಚ್ಚಳ ನೋಡುತ್ತಿದ್ದರು. ಮುಖ್ಯಸ್ಥರು ಮುಂದಕ್ಕೆ ಬಾಗಿ, "ಇಲ್ಲಮ್ಮ. ನಾನು ಬಾಯೇ ಬಿಟ್ಟಿಲ್ಲ" ಎಂದರು.

"ಥ್ಯಾಂಕ್ಸ್ ಸರ್. ಹಾಗಾದ್ರೆ ವಾರ್ತೆಯವನು. ಅವನಿಗೆ ಆಮೇಲೆ ಉತ್ತರ ಕೊಡ್ತೀನಿ. ಎಲ್ಲಿಗೆ ಬಂದಿದ್ದೆ… ಹಾಂ, ಸಂಕೋಚ."

ಮೇಡಂ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಮೂರು ತಿಂಗಳು ನೋಡೋಣ ಎಂದು ತೀರ್ಮಾನ. ನಾಡಿದ್ದಿನಿಂದ ಕೆಲಸ.

ಕಾರಿಡಾರಿನಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ಬೆನ್ನೆಲ್ಲ ಬೆವರಿ ಬಟ್ಟೆ ಅಂಟಿಕೊಂಡಿತ್ತು. ಇಷ್ಟು ಹೆದರಿಕೆ ಇಟ್ಟುಕೊಂಡು ಆ ಪ್ರಶ್ನೆ ಕೇಳಿದ್ದಳು! ನನ್ನ ಜೀವಮಾನದಲ್ಲಿ ಇಂಥ ಧೈರ್ಯ ನೋಡಿಲ್ಲ. ಅವಳಿಗೆ ಅದನ್ನು ಹೇಳಬೇಕೆಂದು ಬಾಯಿ ತೆರೆದೆ. "ನಡಿ, ಬಸ್ಸು ತಪ್ಪತ್ತೆ" ಎಂದು ಬಂತು.

ಏಪ್ರಿಲ್ 24, ಗುರುವಾರ. ಬೆಳಿಗ್ಗೆ 11.50

ಬಂದಿದ್ದಾಳೆ. ಬಾಗಿಲಿಗೆ ಎದುರಾಗಿರುವ ಬೇರೆ ಮೇಜು. ಕೈ ಇನ್ನೂ ಸ್ವಲ್ಪ ನಡುಗುತ್ತದೆ, ಮೊದಲಿನಷ್ಟಲ್ಲ.

ಬೆಳಿಗ್ಗೆಯಿಂದ ಒಂಬತ್ತು ಸಲ ಕೇಳಿದಳು. ಮೊದಲ ಸಲ ಕೇಳಿದವಳ ಕಿವಿ ಕೆಂಪು, ಕೇಳಿಸಿಕೊಂಡವರ ಕಿವಿಯೂ ಕೆಂಪು. ನಾಲ್ಕನೇ ಸಲಕ್ಕೆ ಹೊಲಿಗೆ ಅಕ್ಕ, "ನಾನಲ್ಲಮ್ಮ, ಬಾಯಲ್ಲಿ ದಾರ ಇದೆ" ಎಂದರು. ಏಳನೇ ಸಲ ಕಟಿಂಗ್ ಮಾಮ, "ನಾನೇ ಅಂದದ್ದು, ಆದ್ರೆ ನಿನಗಲ್ಲ, ಈ ಹಾಳು ಬ್ಲೇಡಿಗೆ" ಎಂದರು. ಅವಳು ತಲೆಯಾಡಿಸಿ ಚೀಟಿಯಲ್ಲಿ ಬರೆದುಕೊಂಡಳು. ಹೊಸಬಳು ಎರಡು ಸಲ ಉತ್ತರ ಕೊಟ್ಟಳು, ಬೆಚ್ಚದೆ.

ಅವಳ ಮುಂದೆ ಒಂದು ನಿಘಂಟು. ಅರವತ್ತೆರಡು ಫಾರಂ. ಇಷ್ಟು ದಪ್ಪದ್ದು ಮೊದಲ ದಿನವೇ ಬೇಡ ಎಂದಿದ್ದೆ, ಕೇಳಲಿಲ್ಲ. ಮೂರು ಸಲ ಕೈಯಿಂದ ಜಾರಿ ಚೆದುರಿತು. ಮೂರು ಸಲವೂ ಮೊದಲಿನಿಂದ. ಯಾರೂ ಸಹಾಯಕ್ಕೆ ಏಳಲಿಲ್ಲ. ಎದ್ದರೆ ಅವಳಿಗೆ ಸಿಟ್ಟು ಬರುತ್ತದೆ. ಈಗ ಐದು ನಿಮಿಷದ ಹಿಂದೆ ಕಟ್ಟನ್ನು ಎತ್ತಿ ಕುಟ್ಟಿ ಸಮ ಮಾಡಿ ಬೆನ್ನು ನಮ್ಮ ಕಡೆ ತಿರುಗಿಸಿದಳು. ಅರವತ್ತೆರಡು ಕಪ್ಪು ಮೆಟ್ಟಿಲು, ಒಂದೂ ತಪ್ಪಿಲ್ಲ.

ಮೊನ್ನೆ ಕಾರಿಡಾರಿನಲ್ಲಿ ಹೇಳಲಾಗದೆ ಹೋದ ಮಾತು ನನ್ನ ಬಾಯಿಂದ ಬಂದುಬಿಟ್ಟಿತು.

ಅವಳು ತಲೆ ಎತ್ತಿದಳು. "ಅತ್ತಿಗೆ, ಈಗ ನೀವೇನಾದ್ರೂ ಅಂದ್ರಾ?"

'ಇಲ್ಲ' ಎಂಬುದು ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. "ಹೌದು. ನಾನೇ ಅಂದೆ."

"ಏನಂದ್ರಿ? ವಾರ್ತೆಯವನೂ ಆಗ್ಲೇ ಬಾಯಿ ಹಾಕ್ದ, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಎಲ್ಲರ ಕೈಯೂ ನಿಂತಿದೆ. ನಾನು ಈ ಪುಸ್ತಕ ತೆಗೆದು ಏನೋ ಅರ್ಜೆಂಟು ಇರುವವಳ ಹಾಗೆ ಬರೆಯುತ್ತಾ ಕೂತಿದ್ದೇನೆ. ಅವಳು ಕಾಯುತ್ತಿದ್ದಾಳೆ. ಯಾರು ಅಂದರು, ಏನಂದರು ಎಂದು ಅವಳಿಗೆ ಗೊತ್ತಾಗಲೇಬೇಕು. ಸರಿ. ಪೆನ್ನು ಮುಚ್ಚಿ, ಎದ್ದು, ಅವಳ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.